ವಿಯೆಟ್ನಾಂ ಕರಾವಳಿಯಲ್ಲಿ ಸಸ್ಯಾಹಾರಿಗಳು ಸೈಕಲ್ ತುಳಿದುಕೊಂಡು ಸಂತೆ ಸುತ್ತಬಹುದೇ?

ಇಬ್ಬರೂ ಸಸ್ಯಾಹಾರಿಗಳು, ಒಂದು ವಾರ ರಜೆ, ಹನೋಯ್‌ನಿಂದ ಹೊರಟು ಕರಾವಳಿಯುದ್ದಕ್ಕೂ ಸಂತೆ ನೋಡುತ್ತಾ ಹೋಗಬಹುದೇ ಅಂತ ಕೇಳಿದ್ದೀರಿ. ಹೋಗಬಹುದು, ಆದರೆ ಹನೋಯ್ ಬಿಟ್ಟುಬಿಡಿ. ಆ ಕರಾವಳಿ 3,000 ಕಿ.ಮೀ.ಗಿಂತ ಉದ್ದ, ವಾರದಲ್ಲಿ ಮುಗಿಸೋಕೆ ಹೊರಟರೆ ಹೆದ್ದಾರಿ 1ರ ಲಾರಿಗಳ ಹೊಗೆ ಕುಡಿದು ಬರುತ್ತೀರಿ. ಮಧ್ಯ ವಿಯೆಟ್ನಾಂನ ಹುಯೆಯಿಂದ ಹೋಯಿ ಆನ್‌ವರೆಗೆ ಮಾತ್ರ ಇಟ್ಟುಕೊಳ್ಳಿ, ಒಳದಾರಿಯಲ್ಲಿ ಸುಮಾರು 150 ಕಿ.ಮೀ. ನಾನು ಹೋಗಿದ್ದೂ ಇದೇ ದಾರಿ.

ಅಲ್ಲಿ ನಮ್ಮ ಹಾಗೆ ವಾರದ ಸಂತೆಗೆ ಕಾಯಬೇಕಿಲ್ಲ, ಮಾರ್ಕೆಟ್ ದಿನಾ ನಡೆಯುತ್ತೆ. ಆದರೆ ಹಳ್ಳಿಗಳಲ್ಲಿ ನಸುಕಿಗೇ ಶುರುವಾಗಿ ಬಿಸಿಲೇರುವಷ್ಟರಲ್ಲಿ ಮುಗಿದೇ ಹೋಗುತ್ತೆ. ಹಾಗಾಗಿ ಹೋಟೆಲಿನ ಪುಕ್ಕಟೆ ತಿಂಡಿಗೆ ಕಾಯಬೇಡಿ. ಕತ್ತಲಿರುವಾಗಲೇ ಹೊರಟರೆ ಸಂತೆಯೂ ಸಿಗುತ್ತೆ, ಬಿಸಿಲೂ ತಪ್ಪುತ್ತೆ.

ಹುಯೆಯ ಡೋಂಗ್ ಬಾ ಮಾರ್ಕೆಟ್ 1899ರಿಂದ ನದಿದಂಡೆಯ ಈಗಿನ ಜಾಗದಲ್ಲೇ ಇದೆ. ದೊಡ್ಡದು, ಗಲಾಟೆ ಜಾಸ್ತಿ. ನನಗೆ ಹಿಡಿಸಿದ್ದು ಅಲ್ಲಿಂದ ಮುಂದೆ, ಥುವಾನ್ ಆನ್ ಕಡೆ ಹೊರಳಿ ತಾಮ್ ಜಾಂಗ್ ಹಿನ್ನೀರಿನ ಪಕ್ಕ ಸಾಗುವ ರಸ್ತೆ. ಒಂದು ಕಡೆ ಹಿನ್ನೀರು, ಇನ್ನೊಂದು ಕಡೆ ಮರಳದಿಣ್ಣೆ, ಅದರಾಚೆ ಸಮುದ್ರ. ಸಣ್ಣ ಮಾರ್ಕೆಟ್‌ಗಳಲ್ಲಿ ಮಾರುವವರೆಲ್ಲ ಹೆಂಗಸರೇ ಅನ್ನಬೇಕು. ತಗ್ಗು ಪ್ಲಾಸ್ಟಿಕ್ ಸ್ಟೂಲು, ತಲೆ ಮೇಲೆ ಚೂಪು ಟೋಪಿ, ಮುಂದೆ ಬೋಗುಣಿ ನೀರಲ್ಲಿ ಇನ್ನೂ ಒದ್ದಾಡುವ ಸೀಗಡಿ. ಬೋಣಿಯ ನಂಬಿಕೆ ಅಲ್ಲೂ ಇದೆ. ಮೊದಲ ಗಿರಾಕಿ ಚೌಕಾಸಿ ಮಾಡಿ ಬರಿಗೈಲಿ ಹೋದರೆ ಕಾಗದ ಸುಟ್ಟು ದೃಷ್ಟಿ ತೆಗೆಯುವವರಿದ್ದಾರೆ. ಬೆಳಬೆಳಿಗ್ಗೆ ಬೆಲೆ ಕೇಳಿದರೆ ಎರಡು ಬಾಳೆಹಣ್ಣಾದರೂ ಕೊಳ್ಳಿ. ಕೊಡುವಾಗ ನೋಟು ನೋಡಿ ಕೊಡಿ, 20,000 ಮತ್ತು 5,00,000 ಡಾಂಗ್ ಎರಡೂ ನೀಲಿ.

ಊಟದ ವಿಷಯ. ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಹಾಕುತ್ತಾರೆ, 'ಮಾಂಸ ಬೇಡ' ಅಂದರೆ ಸಾಲದು. 'ಆನ್ ಚೈ' ಅನ್ನಿ, ಬೌದ್ಧರ ಸಸ್ಯಾಹಾರ ಅಂತ ಎಲ್ಲರಿಗೂ ಅರ್ಥವಾಗುತ್ತೆ. ಅವರ ಚಾಂದ್ರಮಾನದ 1 ಮತ್ತು 15ನೇ ದಿನ ಬಹಳ ಜನ ಮಾಂಸ ಬಿಡುತ್ತಾರೆ. ಅಂದರೆ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು. ಪಂಚಾಂಗ ನೋಡಿ ಟಿಕೆಟ್ ತೆಗೆದರೆ ಲಾಭ ನಿಮಗೇ. ದಾರಿಯಲ್ಲಿ ಸುಸ್ತಾದರೆ ಕಬ್ಬಿನಹಾಲು ಕುಡಿಯಿರಿ. ಕಬ್ಬಿನ ಜೊತೆ ಗೋಲಿ ಗಾತ್ರದ ಕಿತ್ತಳೆಯಂಥ ಹಣ್ಣನ್ನು ಸಿಪ್ಪೆ ಸಮೇತ ಗಾಣಕ್ಕೆ ತುರುಕುತ್ತಾರೆ. ಆ ಸಿಪ್ಪೆಯ ಘಮಕ್ಕೆ ನಮ್ಮ ನಿಂಬೆ-ಶುಂಠಿ ಸ್ವಲ್ಪ ಸಪ್ಪೆ, ಕೋಪ ಮಾಡ್ಕೋಬೇಡಿ.

ಲಾಂಗ್ ಕೋ ದಾಟಿದ ಮೇಲೆ ಹಾಯ್ ವಾನ್ ಘಾಟಿ, ನೆತ್ತಿ 496 ಮೀಟರ್ ಎತ್ತರದಲ್ಲಿದೆ. ಚಾರ್ಮಾಡಿ ಹತ್ತಿದವರು ಹೆದರಬೇಕಿಲ್ಲ. 2005ರಲ್ಲಿ ಸುರಂಗ ತೆರೆದಮೇಲೆ ಹೆಚ್ಚಿನ ವಾಹನ ಅದರೊಳಗೇ ಹೋಗುತ್ತೆ, ಸೈಕಲ್‌ಗೆ ಅಲ್ಲಿ ಪ್ರವೇಶವಿಲ್ಲ. ಘಾಟಿಯಲ್ಲಿ ಉಳಿದಿರುವುದು ಬೈಕು, ಪ್ರವಾಸಿ ವಾಹನ, ಕೆಲವು ಇಂಧನದ ಟ್ಯಾಂಕರು. ನೆತ್ತಿಯಲ್ಲಿ 1826ರ ಕೋಟೆಬಾಗಿಲಿದೆ. ಇಳಿಯುವ ಮುನ್ನ ಬ್ರೇಕ್ ನೋಡಿಕೊಳ್ಳಿ. ಹತ್ತಲಾಗದಿದ್ದರೆ ಹುಯೆಯಿಂದ ಘಾಟಿಯಾಚೆಯ ದಾ ನಾಂಗ್ ನಗರಕ್ಕೆ ರೈಲು ಹಿಡಿಯಿರಿ, ಅದೂ ಸಮುದ್ರದಂಚಲ್ಲೇ ಹೋಗುತ್ತೆ.

ದಾ ನಾಂಗ್‌ನಿಂದ ಹೋಯಿ ಆನ್‌ಗೆ 30 ಕಿ.ಮೀ., ಸಪಾಟು. ಹೋಯಿ ಆನ್‌ನ ಹೊಳೆದಂಡೆಯ ಮಾರ್ಕೆಟ್ ಬೆಳಕಾಗುವ ಮುಂಚೆ ಚೆಂದ, ಆಮೇಲೆ ನಮ್ಮಂಥ ಪ್ರವಾಸಿಗಳದ್ದೇ ಜಾತ್ರೆ. ಅಲ್ಲಿ ಸಿಗುವ ಸೊಪ್ಪು ಬೆಳೆಯುವುದು ಹತ್ತಿರದ ಟ್ರಾ ಕ್ವೆ ಹಳ್ಳಿಯಲ್ಲಿ, ನೀರಿನ ಪಾಚಿಯನ್ನೇ ಗೊಬ್ಬರ ಮಾಡಿ. ಪಾತಿಗಳ ನಡುವೆ ಸೈಕಲ್ ಹೋಗುತ್ತೆ.

ಫೆಬ್ರವರಿಯಿಂದ ಏಪ್ರಿಲ್ ಒಳ್ಳೆಯ ಕಾಲ. ಅಕ್ಟೋಬರ್, ನವೆಂಬರ್ ಬೇಡವೇ ಬೇಡ, ಆ ಭಾಗಕ್ಕೆ ನೆರೆ ಬರುವುದು ಆಗಲೇ.