ಅಡುಗೆಮನೆಯ ಕಟ್ಟೆಗೆ ಕ್ವಾರ್ಟ್ಜ್ ಸೂಕ್ತವೇ?

ಪ್ರಶ್ನೆ: ಅಡುಗೆಮನೆಯ ಕಟ್ಟೆಗೆ ಕ್ವಾರ್ಟ್ಜ್ ಹಾಕಿಸಬೇಕೆಂದಿದ್ದೇವೆ. ಅದು ನಿಜಕ್ಕೂ ಬಾಳಿಕೆ ಬರುತ್ತದೆಯೇ?

ಉತ್ತರ: ಬರುತ್ತದೆ, ಆದರೆ ಬಿಸಿಯ ವಿಷಯದಲ್ಲಿ ಎಚ್ಚರವಿರಲಿ. ತೂಕದಲ್ಲಿ ಸುಮಾರು ಶೇ. 90ರಷ್ಟು ಕ್ವಾರ್ಟ್ಜ್ ಕಲ್ಲಿನ ಪುಡಿಯನ್ನು ರೆಸಿನ್ ಅಂಟಿನೊಂದಿಗೆ ಬೆರೆಸಿ ಒತ್ತಿ ತಯಾರಿಸುವ ಈ ಹಲಗೆಯಲ್ಲಿ ಸೂಕ್ಷ್ಮ ರಂಧ್ರಗಳು ಇಲ್ಲವೆನ್ನುವಷ್ಟು ಕಡಿಮೆಯಿರುವುದರಿಂದ, ಕಲೆ ಸುಲಭವಾಗಿ ಒಳಗಿಳಿಯುವುದಿಲ್ಲ ಮತ್ತು ಸೀಲರ್ (ರಂಧ್ರ ಮುಚ್ಚುವ ಲೇಪ) ಹಚ್ಚುವ ಅಗತ್ಯವೂ ಬೀಳುವುದಿಲ್ಲ. ಆದರೆ ಕಲ್ಲಿನ ಪುಡಿ ತಾಳುವ ಶಾಖವನ್ನು ರೆಸಿನ್ ತಾಳದು. ಒಲೆಯಿಂದ ಇಳಿಸಿದ ಪಾತ್ರೆಯನ್ನು ನೇರವಾಗಿ ಇಟ್ಟರೆ ಅಳಿಸಲಾಗದ ಗುರುತು, ಕೆಲವೊಮ್ಮೆ ಬಿರುಕು ಉಂಟಾಗುತ್ತದೆ. ಬಿಸಿಲು ಬೀಳುವ ಜಾಗಕ್ಕೂ ಇದನ್ನು ಆರಿಸಬೇಡಿ, ಬಣ್ಣ ಕೆಡುತ್ತದೆ. ಅಂಚುಗಳು ತುಸು ದುಂಡಗಿದ್ದರೆ ಚಕ್ಕೆ ಏಳುವುದು ಕಡಿಮೆ. ಮುಖ್ಯವಾಗಿ, ಹಲಗೆಯನ್ನು ಮನೆಯೊಳಗೆ ನೀರು ಹಾಕದೆ ಒಣದಾಗಿ ಕತ್ತರಿಸಲು ಬಿಡಬೇಡಿ: ಆಗ ಏಳುವ ಸಿಲಿಕಾ (ಕ್ವಾರ್ಟ್ಜ್‌ನಲ್ಲಿರುವ ಖನಿಜ) ದೂಳು ಕೆಲಸಗಾರರ ಶ್ವಾಸಕೋಶಕ್ಕೆ ಗುಣವಾಗದ ಹಾನಿ ಮಾಡುತ್ತದೆ, ಇದೇ ಕಾರಣಕ್ಕೆ ಆಸ್ಟ್ರೇಲಿಯಾ 2024ರಲ್ಲಿ ಇಂತಹ ಹಲಗೆಗಳನ್ನು ನಿಷೇಧಿಸಿತು.