ಹಿಂದಿನ ಬೆಂಚಿನಿಂದ ಕೂಗಬೇಡಿ ಮೇಷ್ಟ್ರೇ

ತರಬೇತಿಗೆ ಬಂದ ಅರಬ್ಬಿ ಭಾಷೆಯ ಟೀಚರುಗಳು ಪಾಠದ ನಡುವೆ ವ್ಯಾಕರಣ ತಪ್ಪಿದರೆ ಅಲ್ಲೇ ತಿದ್ದುತ್ತೇನೆ, ಆದರೂ ಅವರಿಗೆ ಧೈರ್ಯ ಬರುತ್ತಿಲ್ಲ ಅಂತ ಬರೆದಿದ್ದೀರಿ. ಆದರೂ ಅಲ್ಲ ಸರ್, ಅದಕ್ಕೇ ಬರುತ್ತಿಲ್ಲ! ಬೇಜಾರು ಮಾಡ್ಕೋಬೇಡಿ, ನಾನೂ ಇದನ್ನೇ ಮಾಡಿ ಕೆಟ್ಟವನು.

ಪುಣೆ ಕ್ಯಾಂಪಿನ ಒಂದು ಶಾಲೆ. ತರಬೇತಿಯಲ್ಲಿದ್ದ ಟೀಚರು ನಮ್ಮ ವಿಜಯಪುರದ ಕಡೆಯ ಹುಡುಗಿ, ಓದಿನಲ್ಲಿ ಚುರುಕು. ಐದು ಹುಡುಗರು ಅನ್ನಲು 'ಖಮ್ಸು ಅವ್ಲಾದ್' ಅಂದಳು. 'ಖಮ್ಸತು' ಆಗಬೇಕಿತ್ತು, ಅರಬ್ಬಿಯಲ್ಲಿ 3ರಿಂದ 10ರವರೆಗೆ ಲಿಂಗ ತಿರುಗುಮುರುಗು ಅಲ್ವಾ, ಪುಲ್ಲಿಂಗದ ಪದಕ್ಕೆ ಸ್ತ್ರೀಲಿಂಗದ ಸಂಖ್ಯೆ. ನಾನು ಹಿಂದಿನ ಬೆಂಚಿನಿಂದಲೇ ಕೂಗಿ ತಿದ್ದಿದೆ. ಮಕ್ಕಳು ಗೊಳ್ಳೆಂದು ನಕ್ಕರು. ಮರುದಿನದಿಂದ ಅವಳು ಬಾಯಿ ಬಿಡಲಿಲ್ಲ, ಬೋರ್ಡಿನ ಮೇಲೆ ಬರೆಯುವುದು, ಮಕ್ಕಳಿಂದ ನಕಲು ಮಾಡಿಸುವುದು, ಮೂರು ವಾರ ಇಷ್ಟೇ. ಅರಬರ ಆಡುಮಾತಿನಲ್ಲೇ ಸಡಿಲವಾಗಿರುವ ನಿಯಮ ಅದು!

ಈಗ ಸುಮ್ನೆ ಕೂತು ಬರೆದುಕೊಳ್ಳುತ್ತೇನೆ. ಪಾಠ ಮುಗಿದ ಮೇಲೆ, ಹೇಗಾಯಿತು ಅಂತ ಮೊದಲು ಅವರೇ ಹೇಳಬೇಕು. ಮೈಕ್ರೋ ಟೀಚಿಂಗ್, ಅಂದರೆ ಪುಟ್ಟ ಪಾಠದ ಅಭ್ಯಾಸ, ಪೂರ್ತಿ 36 ನಿಮಿಷ ಮಾಡಿಸಿ: 6 ಪಾಠ, 6 ಚರ್ಚೆ, 12 ತಯಾರಿ, ಮತ್ತೆ 6 ಪಾಠ, ಮತ್ತೆ 6 ಚರ್ಚೆ. ಟೈಮಿಲ್ಲ ಅಂತ ಎರಡನೇ ಪಾಠವನ್ನೇ ಬಿಡುತ್ತೀರಲ್ಲ, ಔಷಧಿ ಇರುವುದು ಅದರಲ್ಲೇ. ಅರ್ಧ ಗಂಟೆ ಹಿಂದೆ ತಡವರಿಸಿದ್ದನ್ನು ಈಗ ತಾನೇ ಸರಿಯಾಗಿ ಮಾಡಿದೆ ಅಂತ ಅವರಿಗೆ ಗೊತ್ತಾಗಬೇಕು. 'ನಿನ್ನ ಕೈಲಾಗುತ್ತೆ ಮ್ಮಾ' ಅಂತ ಬೆನ್ನು ತಟ್ಟಿದರೆ ಬಾಗಿಲು ದಾಟುವಷ್ಟರಲ್ಲಿ ಮರೆತು ಹೋಗುತ್ತದೆ.

ಮೊದಲ ಪಾಠಕ್ಕೆ ನಾನು ಕೊಡುವುದು ಹಾಜರು, ಜಾಮೀನು, ಜಿಲ್ಲೆ. ಮೂರೂ ಅರಬ್ಬಿ ಮೂಲದವು: ಹಾದಿರ್, ದಾಮಿನ್, ದಿಲಅ. ಪಾರಸಿ ಹಾದಿಯಲ್ಲಿ ಬರುವಾಗ ದಾದ್ ಅಕ್ಷರ ನಮ್ಮಲ್ಲಿ ಜ ಆಯಿತು. ಮರಾಠಿ ಮಕ್ಕಳಿಗೂ ಹಜರ್, ಜಾಮೀನ್, ಜಿಲ್ಹಾ ಗೊತ್ತು. ಹೊಸ ಟೀಚರು ತನಗೆ ಮೊದಲೇ ಗೊತ್ತಿರುವ ಮಾತು ಹಿಡಿದು ನಿಂತರೆ ಕಾಲು ನಡುಗುವುದಿಲ್ಲ. ಆದರೆ ಅರ್ಥ ನೋಡಿಕೊಳ್ಳಿ. ತಕರಾರು ಅಂದರೆ ಅರಬ್ಬಿಯಲ್ಲಿ ಮತ್ತೆ ಮತ್ತೆ ಮಾಡುವುದು ಅಂತ, ಜಗಳ ಅಲ್ಲ. ಐನ್ ಅಕ್ಷರದ ಉಚ್ಚಾರ ಮೊದಲ ದಿನವೇ ಗಂಟಲಿಂದ ಬರಲಿ ಅಂತ ಹಟ ಹಿಡಿಯಬೇಡಿ, ನಿಮಗೆ ಎಷ್ಟು ತಿಂಗಳು ಬೇಕಾಯಿತು ನೆನಪಿದೆಯಾ?

ಇನ್ನೊಂದು ಕಾಟ, ಗಲ್ಫಿನಿಂದ ಬಂದ ಮಕ್ಕಳ ಅಪ್ಪಂದಿರು. ಹೇಗಿದ್ದೀಯಾ ಅನ್ನಲು 'ಕೈಫ ಹಾಲುಕ' ಅಂತ ಯಾರೂ ಅನ್ನಲ್ಲ, 'ಶ್ಲೋನಕ್' ಅನ್ನಬೇಕು ಅಂತ ಟೀಚರನ್ನೇ ತಿದ್ದುತ್ತಾರೆ. ಮೊದಲೇ ಹೇಳಿಕೊಡಿ: ಎರಡೂ ಸರಿ, ನಾವು ಕಲಿಸುವುದು ಬರಹದ ಅರಬ್ಬಿ, ಅಂದರೆ ಫುಸ್‌ಹಾ. ಪುಸ್ತಕದ ಕನ್ನಡಕ್ಕೂ ಭಟ್ಕಳದ ಪೇಟೆ ಮಾತಿಗೂ ಇರುವ ಹಾಗೆ.

ಆ್ಯಪ್ ನೆಚ್ಚಬೇಡಿ, ಧಾತು ಹಿಡಿದು ಹುಡುಕುವ ಹ್ಯಾನ್ಸ್ ವೇರ್ ನಿಘಂಟು ಕೈಯಲ್ಲಿರಲಿ. ಮಾರ್ಕರಿನಲ್ಲೂ ಜಿಪುಣತನ ಬೇಡ. ಅಗ್ಗದ್ದು ಬೇಗ ಒಣಗುವುದಿಲ್ಲ, ಬಲದಿಂದ ಎಡಕ್ಕೆ ಬರೆಯುವಾಗ ಬಲಗೈ ಉಜ್ಜಿ ಚುಕ್ಕಿಗಳು ಮಾಯವಾಗಿ ಬಾ, ತಾ, ಸಾ ಮೂರೂ ಅಕ್ಷರ ಒಂದೇ ಆಗುತ್ತವೆ, ಮಕ್ಕಳು ನಗುವುದು ಮಾತ್ರ ಟೀಚರನ್ನು ನೋಡಿ. ನನಗೆ ಕ್ಯಾಮ್ಲಿನ್ ಸರಿಹೋಗಿದೆ.