ಒಂಬತ್ತು ಪುಸ್ತಕದ ಅಕ್ಕಾರಿಗೆ

ಕಾರಟಗಿಯಿಂದ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಪತ್ರದ ಮುಖ್ಯ ಭಾಗ ಇಷ್ಟು:

“ನಾನು ಇಲ್ಲಿ ಒಂದು ರೈಸ್ ಮಿಲ್ಲಿನ ಆಫೀಸಿನಲ್ಲಿ ಲೆಕ್ಕ ಬರೆಯುತ್ತೇನೆ. ಹೋದ ಜನವರಿ ಒಂದನೇ ತಾರೀಕು, ವಾರಕ್ಕೊಂದರಂತೆ ವರ್ಷಕ್ಕೆ 52 ಪುಸ್ತಕ ಓದಬೇಕು ಅಂತ ಗೋಡೆ ಕ್ಯಾಲೆಂಡರಿನ ಮೇಲೆ ಬರೆದೆ. ಮಾರ್ಚ್ ಮುಗಿಯುವ ಹೊತ್ತಿಗೆ ಎಂಟು ಆಗಿದ್ದವು. ಆಮೇಲೆ ನಿಂತೇ ಹೋಯಿತು. ಸೆಪ್ಟೆಂಬರಿನಲ್ಲಿ ಒಂದು ಓದಿದೆ. ಒಟ್ಟು ಒಂಬತ್ತು. ಮಗ ‘ಅಮ್ಮಾ, ನೂರಕ್ಕೆ ಹದಿನೇಳು, ಫೇಲ್’ ಅಂತ ನಗುತ್ತಾನೆ. ಮನೆಯಲ್ಲಿ ಪುಸ್ತಕ ಹಿಡಿದರೆ ಅತ್ತೆಯವರು ‘ಏನೈತಿ ಅದರಾಗ?’ ಅಂತ ಕೇಳುತ್ತಾರೆ. ಅವರಿಗೆ ಕಣ್ಣು ಮಂಜು. ಹೇಳುತ್ತಾ ಕೂತರೆ ನನ್ನ ಓದು ಸಾಗೋದಿಲ್ಲ. ಈ ವರ್ಷ ಎಷ್ಟು ಪುಸ್ತಕದ ಗುರಿ ಇಟ್ಟುಕೊಳ್ಳಲಿ? ಒಂದು ಪಟ್ಟಿ ಕೊಟ್ಟರೆ ಉಪಕಾರ.”

ನಮಸ್ಕಾರ ಅಕ್ಕಾರೆ,

ನಿಮ್ಮ ಪತ್ರದ ಎರಡನೇ ಹಾಳೆ ತೂಕದ ಚೀಟಿಯ ಹಿಂಬದಿ. ತಿರುಗಿಸಿ ನೋಡಿದೆ. ಲಾರಿ ನಂಬರು, ತುಂಬಿದ ಲಾರಿಯ ತೂಕ, ಖಾಲಿ ಲಾರಿಯ ತೂಕ, ಕಳೆದು ಉಳಿದ ನೆಲ್ಲಿನ ತೂಕ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ. ದಿನಕ್ಕೆ ಎಷ್ಟು ಲಾರಿ ಬಂದವು ಅಂತ ಮಾತ್ರ ಬರೆದಿಟ್ಟು, ಒಂದನ್ನೂ ತೂಗದೆ ಕಳಿಸಿದರೆ ನಿಮ್ಮ ಮಾಲೀಕರು ಸುಮ್ಮನಿರುತ್ತಾರಾ? ಪುಸ್ತಕದ ವಿಷಯದಲ್ಲಿ ನೀವು ಹೋದ ವರ್ಷ ಮಾಡಿದ್ದು ಅದನ್ನೇ. ಮಗ ಹಾಕಿದ ಶೇಕಡಾ ಲೆಕ್ಕವೂ ಲಾರಿಯ ಲೆಕ್ಕವೇ. ನಿಮ್ಮ ಒಂಬತ್ತರಲ್ಲಿ ಒಂದು ಏಳುನೂರು ಪುಟದ ಕಾದಂಬರಿ ಅಂತ ಪತ್ರದ ಕೊನೆಯಲ್ಲಿ, ಅಂಚಿನಲ್ಲಿ ಸಣ್ಣದಾಗಿ ಬರೆದಿದ್ದೀರಿ. ಅದನ್ನು ಮಗನಿಗೆ ಹೇಳಿದಿರಾ?

ನಾನೂ ಈ ಲೆಕ್ಕದಲ್ಲಿ ಕೆಟ್ಟವನೇ. ಒಂದು ವರ್ಷ 50 ಪುಸ್ತಕ ಅಂತ ಪಣ ತೊಟ್ಟೆ. ನೀಲಿ ರಟ್ಟಿನ ನೋಟ್‌ಬುಕ್ ತಂದು, ಕ್ರಮಸಂಖ್ಯೆ, ಹೆಸರು, ಮುಗಿದ ತಾರೀಕು ಅಂತ ಗೆರೆ ಹೊಡೆದೆ. ನವೆಂಬರ್ ಮುಗಿದರೂ 31 ದಾಟಲಿಲ್ಲ. ಡಿಸೆಂಬರಿನಲ್ಲಿ ಕಪಾಟಿನ ಮುಂದೆ ನಿಂತು ತೆಳ್ಳಗಿದ್ದದ್ದನ್ನೆಲ್ಲ ಎಳೆದೆ. ನಲವತ್ತು ಪುಟದ ಕವನ ಸಂಕಲನಗಳು ಹೋದವು. ಮಕ್ಕಳ ಕಥೆಗಳು ಹೋದವು. ಯಾರದೋ ಅಭಿನಂದನ ಗ್ರಂಥದ ಅರ್ಧ ಹೋಯಿತು, ಅದರಲ್ಲಿ ಉಳಿದರ್ಧ ಜಾಹೀರಾತು. 46ನೆಯದು ದಾಳಿಂಬೆಗೆ ಬರುವ ದುಂಡಾಣು ಅಂಗಮಾರಿ ರೋಗದ ಕೈಪಿಡಿ. ಕುಷ್ಟಗಿ ಕಡೆಯ ರೈತ ಗೆಳೆಯರೊಬ್ಬರು ಆಫೀಸಿನಲ್ಲಿ ಮರೆತು ಹೋಗಿದ್ದರು. ನನ್ನ ಹತ್ತಿರ ದಾಳಿಂಬೆ ಗಿಡ ಒಂದೂ ಇಲ್ಲ. ಡಿಸೆಂಬರ್ 31ರ ರಾತ್ರಿ ಹನ್ನೊಂದು ಗಂಟೆಗೆ ಐವತ್ತು ತುಂಬಿತು. ಮನೆಯವರನ್ನು ಎಬ್ಬಿಸಿ ಹೇಳಿದೆ. ಅವರು “ಹಂಗಾದ್ರ ಲೈಟ್ ಆರಿಸ್ರಿ” ಅಂದರು.

ಈಗ ಆ ನೋಟ್‌ಬುಕ್ ತೆಗೆದರೆ ಡಿಸೆಂಬರಿನ ಹತ್ತೊಂಬತ್ತರಲ್ಲಿ ನನಗೆ ಸ್ವಲ್ಪವಾದರೂ ನೆನಪಿರುವುದು ಎರಡು. ಒಂದು ದಾಳಿಂಬೆಯದು.

ಮೊಬೈಲಿನಲ್ಲೂ ಇದೇ ಆಟ ಇದೆ. ಗುಡ್‌ರೀಡ್ಸ್ ಅನ್ನುವ ಪುಸ್ತಕದ ಜಾಲತಾಣದವರು 2011ರಿಂದ ವರ್ಷದ ರೀಡಿಂಗ್ ಚಾಲೆಂಜ್ ನಡೆಸುತ್ತಿದ್ದಾರೆ. ನಿಮ್ಮ ಸಂಖ್ಯೆ ನೀವೇ ಹಾಕಿಕೊಳ್ಳಬೇಕು, ಅದು ನೀವು ಎಷ್ಟು ಹಿಂದಿದ್ದೀರಿ ಅಂತ ಹೇಳುತ್ತಾ ಇರುತ್ತದೆ. ಅದರಿಂದ ಓದಿಗೆ ಇಳಿದವರೂ ಇದ್ದಾರೆ, ಇಲ್ಲ ಅನ್ನೋದಿಲ್ಲ. ಆದರೆ ವಾರಕ್ಕೊಂದು ಅನ್ನುವ ಲೆಕ್ಕ, ವರ್ಷದ ಎಲ್ಲ ವಾರವೂ ಒಂದೇ ಥರ ಇರುವವರಿಗೆ ಸರಿ. ಕಾರಟಗಿಯಲ್ಲಿ ಯಾರ ವಾರ ಹಾಗಿರುತ್ತದೆ?

ನಿಮ್ಮ ವರ್ಷವನ್ನೇ ನೋಡಿ. ನವೆಂಬರಿನಿಂದ ಸಂಕ್ರಾಂತಿಯ ತನಕ ಮುಂಗಾರಿನ ನೆಲ್ಲು. ಮಿಲ್ಲಿನ ಮುಂದೆ ಲಾರಿ ಸಾಲು, ರಾತ್ರಿ ಎಂಟಾದರೂ ಹಮಾಲರ ಕೂಲಿ ಲೆಕ್ಕ ಮುಗಿದಿರೋದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ವರ್ಷ ಏಪ್ರಿಲ್, ಮೇ ತಿಂಗಳಲ್ಲಿ ಎರಡನೇ ಬೆಳೆ. ನಿಮ್ಮ ಓದು ನಿಂತದ್ದು ಮಾರ್ಚ್ ಕೊನೆಗೆ ಅಂದಿರಿ. ಸೋಮಾರಿತನ ಅಂತ ನೀವೇ ನಿಮ್ಮನ್ನು ಬೈದುಕೊಂಡಿದ್ದೀರಿ. ನನಗೆ ಅಲ್ಲಿ ಸೋಮಾರಿತನ ಕಾಣಲಿಲ್ಲ, ನೆಲ್ಲು ಕಂಡಿತು. ನೀರಾವರಿ ಸಲಹಾ ಸಮಿತಿಯ ಸಭೆ ಕೂತು ಎರಡನೇ ಬೆಳೆಗೆ ನೀರು ಉಂಟು ಅಂದರೆ ನಿಮ್ಮ ಓದಿಗೆ ಎರಡು ತಿಂಗಳು ರಜೆ, ಇಲ್ಲ ಅಂದರೆ ಓದಿಗೆ ಬಿಡುವು. ಡ್ಯಾಮಿನ ನೀರು ನೋಡಿ ಪುಸ್ತಕದ ಗುರಿ ಇಡಬೇಕಾದವರು ನಾವು. ಹಾಗಾಗಿ ಮೊದಲನೇ ಮಾತು: ಹಂಗಾಮಿನ ನಾಲ್ಕು ತಿಂಗಳನ್ನು ಲೆಕ್ಕದಿಂದಲೇ ತೆಗೆಯಿರಿ. ಆ ದಿನಗಳಲ್ಲಿ ಪುಸ್ತಕ ಮುಟ್ಟಿದರೆ ಅದು ಲಾಭ, ಮುಟ್ಟದಿದ್ದರೆ ಸಾಲ ಅಲ್ಲ.

ಇನ್ನು ನಿಮ್ಮ ಅತ್ತೆಯವರ ಮಾತಿಗೆ ಬರುತ್ತೇನೆ. ಪತ್ರದಲ್ಲಿ ನೀವು ಅದನ್ನು ಅಡಚಣೆ ಅಂತ ಬರೆದಿದ್ದೀರಿ. ನಾನು ಆ ಸಾಲನ್ನು ಮೂರು ಸಲ ಓದಿದೆ.

ನಾನು ಹುಟ್ಟಿದ್ದು ಯಲಬುರ್ಗಾ ಕಡೆಯ ಹಳ್ಳಿಯಲ್ಲಿ. ಶ್ರಾವಣ ಬಂತೆಂದರೆ ಗುಡಿಯಲ್ಲಿ ಪುರಾಣ ಹಚ್ಚುತ್ತಿದ್ದರು. ನಿಮ್ಮಲ್ಲೂ ಇರುತ್ತದೆ, ನಿಮಗೆ ಹೊಸದಲ್ಲ. ರಾತ್ರಿ ಊಟ ಮುಗಿಸಿ ಜನ ಬರುತ್ತಿದ್ದರು. ಒಬ್ಬರು ಹಾರ್ಮೋನಿಯಂ ಹಿಡಿದು ಪದ್ಯ ಓದುವುದು, ಇನ್ನೊಬ್ಬರು ಅದನ್ನು ಬಿಡಿಸಿ ಹೇಳುವುದು. ನಮ್ಮಜ್ಜಿ ಕೂರೋಕೆ ತನ್ನದೇ ಒಂದು ಗೋಣಿತಟ್ಟು ಒಯ್ಯುತ್ತಿದ್ದಳು, ಜೊತೆಗೆ ಹತ್ತಿ. ಕೇಳುತ್ತಾ ಬತ್ತಿ ಹೊಸೆಯುತ್ತಿದ್ದಳು. ಕಥೆಯಲ್ಲಿ ಕಷ್ಟ ಬಂದರೆ ಬತ್ತಿ ದಪ್ಪ ಆಗುತ್ತಿತ್ತು. ಮರುದಿನ ದೀಪ ಹಚ್ಚುವಾಗ ಅವ್ವ ಬತ್ತಿ ನೋಡಿಯೇ “ನಿನ್ನೆ ಯಾರೋ ಸತ್ತಾರ” ಅನ್ನುತ್ತಿದ್ದಳು.

ಒಂದು ರಾತ್ರಿ ಊರಿಗೆ ಯಾರೋ ದೊಡ್ಡ ಮನುಷ್ಯರು ಬಂದಿದ್ದರು. ಅವರಿಗೆ ಸನ್ಮಾನ, ಭಾಷಣ. ಹೊತ್ತಾಯಿತು ಅಂತ ಶಾಸ್ತ್ರಿಗಳು ನಾಲ್ಕು ಪದ್ಯ ಹಾರಿಸಿ ಮುಂದಿನ ಸಂಧಿಗೆ ಹೋದರು. ಅಜ್ಜಿ ಕೂತಲ್ಲಿಂದಲೇ ಅಂದಳು: “ಶಾಸ್ತ್ರೇರಿ, ನಿನ್ನಿ ಕುದುರಿ ಇನ್ನಾ ಹೊಳಿ ದಾಟಿಲ್ಲ.” ಜನ ನಕ್ಕರು. ಶಾಸ್ತ್ರಿಗಳು ಹಾಳೆ ಹಿಂದೆ ತಿರುವಿದರು. ಕುದುರೆ ಹೊಳೆ ದಾಟಿತು. ಅಲ್ಲಿಯವರೆಗೂ ಆ ದೊಡ್ಡ ಮನುಷ್ಯರೂ ಕಾದರು.

ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಸುಮಾರು 850ರ ಹೊತ್ತಿನ ಕವಿರಾಜಮಾರ್ಗ ನಮ್ಮ ಕೊಪ್ಪಳವನ್ನು ಕೊಪಣ ನಗರ ಅಂತ ಹೆಸರಿಸುತ್ತದೆ. ಈ ನಾಡಿನ ಜನ ಕುರಿತು ಓದದಿದ್ದರೂ ಕಾವ್ಯ ಬಲ್ಲವರು ಅಂತಲೂ ಹೇಳುತ್ತದೆ. ನಮ್ಮ ಜಿಲ್ಲೆಯಲ್ಲಿ ಈ ಎರಡು ಮಾತು ಬರದೆ ಒಂದು ಸಾಹಿತ್ಯ ಸಭೆಯೂ ಮುಗಿಯೋದಿಲ್ಲ. ಕೇಳಿದವರು ಓದದೆ ಇರೋಕೆ ಸರ್ಟಿಫಿಕೇಟ್ ಸಿಕ್ಕಿತು ಅಂತ ಮನೆಗೆ ಹೋಗುತ್ತಾರೆ. ನಾನು ಅಜ್ಜಿಯನ್ನು ಕಂಡವನು. ಮಳೆ ಇರಲಿ, ಮೈಕೈ ನೋವಿರಲಿ, ತಿಂಗಳಿಡೀ ಹೋಗಿ ಕೂತು ಕೇಳಿದವಳು. ಎಲ್ಲಿ ನಿಂತಿತ್ತು ಅಂತ ನೆನಪಿಟ್ಟವಳು. ಅದಕ್ಕೆ ಓದದೆ ಇದ್ದದ್ದು ಅನ್ನೋಕೆ ನನಗೆ ಬಾಯಿ ಬರೋದಿಲ್ಲ.

ಪುರಾಣದ ಲೆಕ್ಕ ಹೇಗಿತ್ತು ನೋಡಿ. ಈ ವರ್ಷ ಎಷ್ಟು ಪುರಾಣ ಆದವು ಅಂತ ಯಾರೂ ಕೇಳುತ್ತಿರಲಿಲ್ಲ. ಇವತ್ತು ಎಲ್ಲಿಗೆ ಬಂತು ಅಂತ ಕೇಳುತ್ತಿದ್ದರು. ಹೊತ್ತು ಗೊತ್ತಿತ್ತು, ಜಾಗ ಗೊತ್ತಿತ್ತು, ಕೇಳುವವರು ಇದ್ದರು. ಬರದೆ ಹೋದವರಿಗೆ ಮರುದಿನ ಕಟ್ಟೆಯ ಮೇಲೆ ಯಾರಾದರೂ ಕಥೆ ಹೇಳಿ ಕೂಡಿಸಿಕೊಳ್ಳುತ್ತಿದ್ದರು. ಪುರಾಣ ಮುಗಿಯುವ ಮಂಗಲದ ದಿನ ಗೋಧಿ ಹುಗ್ಗಿ. ರಂಜಾನ್ ತಿಂಗಳಲ್ಲಿ ಮಸೀದಿಯಲ್ಲೂ ಹೀಗೇ ಅಲ್ವಾ? ಕುರಾನಿಗೆ 30 ಪಾರಾ, ದಿನಕ್ಕೊಂದರಂತೆ ಹಂಚಿಕೊಂಡು ಓದಿದರೆ ತಿಂಗಳಿಗೆ ಮುಗಿಯುತ್ತದೆ. ದೊಡ್ಡ ಪುಸ್ತಕವನ್ನು ದಿನದ ತುತ್ತು ಮಾಡುವ ಉಪಾಯ ನಮ್ಮ ಓಣಿಗಳಲ್ಲೇ ಇತ್ತು. ನಾವು ಮೊಬೈಲಿನಲ್ಲಿ ಹುಡುಕುತ್ತಿದ್ದೇವೆ.

ನಿಮ್ಮ ಮನೆಯಲ್ಲಿ ಹೊತ್ತು, ಜಾಗ ನೀವು ಹೊಂದಿಸಬೇಕು. ಕೇಳುವವರು ಆಗಲೇ ಬಂದು ಕೂತಿದ್ದಾರೆ. “ಏನೈತಿ ಅದರಾಗ?” ಅಂತ ಕೇಳುತ್ತಲೂ ಇದ್ದಾರೆ.

ಗಟ್ಟಿಯಾಗಿ ಓದಿ ಅಕ್ಕಾರೆ. ದಿನಕ್ಕೆ ಹತ್ತು ಪುಟ. ನಾನು ಗಡಿಯಾರ ಇಟ್ಟುಕೊಂಡು ಓದಿ ನೋಡಿದೆ. ಸಾಮಾನ್ಯ ಕಾದಂಬರಿಯ ಒಂದು ಪುಟಕ್ಕೆ ಎರಡರಿಂದ ಎರಡೂವರೆ ನಿಮಿಷ ಬೇಕು. ಹತ್ತು ಪುಟಕ್ಕೆ ಇಪ್ಪತ್ತೈದು ನಿಮಿಷ, ಒಂದು ಧಾರಾವಾಹಿಯ ಹೊತ್ತು. ಹಂಗಾಮಿನ 120 ದಿನ ಬಿಟ್ಟರೆ ಉಳಿಯುವುದು 245 ದಿನ, 2,450 ಪುಟ. ಇನ್ನೂರು ಪುಟದ್ದಾದರೆ ಹನ್ನೆರಡು ಪುಸ್ತಕ ಆಯಿತು. ನೋಡಿ, ಬೇಡ ಬೇಡ ಅಂತ ನಾನೇ ಮತ್ತೆ ಲಾರಿ ಎಣಿಸಿದೆ. ಚಟ. ಮಗನ ಬಾಯಿ ಮುಚ್ಚಿಸೋಕೆ ಮಾತ್ರ ಈ ಲೆಕ್ಕ ಇಟ್ಟುಕೊಳ್ಳಿ.

ಶುರುವಿನಲ್ಲಿ ಒಂದು ತೊಡಕು ಬರುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಪುಸ್ತಕದ ಕನ್ನಡ ಬೇರೆ, ಅತ್ತೆಯವರ ಕನ್ನಡ ಬೇರೆ. “ಅವನು ಹೊರಟು ಹೋಗುತ್ತಿದ್ದನು” ಅಂತ ಅಚ್ಚಾಗಿರುತ್ತದೆ. ನೀವು ಎರಡು ದಿನ ಹಾಗೇ ಓದುತ್ತೀರಿ. ಮೂರನೇ ದಿನ ನಿಮಗೆ ಗೊತ್ತಿಲ್ಲದೇ “ಅಂವ ಹೊಂಟಿದ್ದ” ಅಂತ ಬಾಯಿಗೆ ಬರುತ್ತದೆ. ಬರಲಿ. ಶಾಸ್ತ್ರಿಗಳು ಮಾಡುತ್ತಿದ್ದದ್ದೂ ಅದನ್ನೇ. ಕಣ್ಣು ಒಂದು ಕನ್ನಡ ನೋಡಿ ಬಾಯಿ ಇನ್ನೊಂದು ಕನ್ನಡ ಹೇಳಬೇಕಾದರೆ ನಡುವೆ ಅರ್ಥ ಆಗಿರಲೇಬೇಕು. ಸುಮ್ನೆ ಕಣ್ಣಾಡಿಸಿ ಪುಟ ದಾಟಿಸುವ ನನ್ನ ಡಿಸೆಂಬರಿನ ಕಳ್ಳಾಟ ಇಲ್ಲಿ ನಡೆಯೋದಿಲ್ಲ. ಒಂದು ಪುಟ ಹಾರಿಸಿ ನೋಡಿ, ಅತ್ತೆಯವರು ಹಿಡಿಯುತ್ತಾರೆ.

ಎಲ್ಲ ಪುಸ್ತಕವೂ ಇದಕ್ಕೆ ಒಗ್ಗೋದಿಲ್ಲ. ವಿಮರ್ಶೆ, ಪ್ರಬಂಧ ಓದಿದರೆ ಅವರು ನಿದ್ದೆ ಹೋಗಬಹುದು, ತಪ್ಪು ಅವರದಲ್ಲ. ಕಥೆ, ಕಾದಂಬರಿ, ಆತ್ಮಕಥೆ, ಪ್ರವಾಸ ಕಥನ ನಡೆಯುತ್ತವೆ. ನಿಮಗೆ ಒಬ್ಬರೇ ಓದಬೇಕು ಅನ್ನಿಸುವಂಥದ್ದು ಒಂದು ಬೇರೆಯೇ ಇಟ್ಟುಕೊಳ್ಳಿ, ಅದನ್ನು ಯಾರಿಗೂ ಹೇಳಬೇಡಿ, ನನಗೂ ಬರೆಯಬೇಡಿ. ಐವತ್ತು ಪುಟ ಆದರೂ ಹಿಡಿಯದ ಪುಸ್ತಕವನ್ನು ಬಿಟ್ಟುಬಿಡಿ. ಬಿಡುವ ಮುಂಚೆ ಅತ್ತೆಯವರನ್ನು ಒಂದು ಮಾತು ಕೇಳಿ, ಅಷ್ಟೇ.

ಪಟ್ಟಿ ಕೇಳಿದಿರಿ. ಕೊಡೋದಿಲ್ಲ. ಹನ್ನೆರಡು ಹೆಸರು ಬರೆಯೋಕೆ ನನಗೆ ಐದು ನಿಮಿಷ ಸಾಕು, ಅದೇ ತೊಂದರೆ. ನನ್ನ ಪಟ್ಟಿ ನನ್ನ ಅಜ್ಜಿಯ ಊರಿನದು. ನಿಮ್ಮ ಮನೆಯಲ್ಲಿ ಯಾವ ಕಥೆಗೆ ಕಿವಿ ನಿಮಿರುತ್ತದೋ ನಾನು ಕಾಣೆ. ಅದರ ಬದಲು ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ ಸದಸ್ಯರಾಗಿ. ದಿನಪತ್ರಿಕೆ ಓದುವವರ ಬೆಂಚು ದಾಟಿ ಒಳಗಿನ ಕಪಾಟಿನವರೆಗೆ ಹೋಗಿ, ನಮ್ಮಲ್ಲಿ ಮುಕ್ಕಾಲು ಜನ ಆ ಬೆಂಚಿನಲ್ಲೇ ನಿಲ್ಲುತ್ತಾರೆ. ಅದು ಧರ್ಮಕ್ಕೆ ಸಿಗುವ ಪುಸ್ತಕವೂ ಅಲ್ಲ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಮನೆಯ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ನೀವು ಕಟ್ಟುತ್ತೀರಿ, ತೆರಿಗೆಯ ರೂಪಾಯಿಗೆ 6 ಪೈಸೆ. ಲೆಕ್ಕ ಬರೆಯುವವರು ನೀವು, ರಸೀದಿ ತೆಗೆದು ನೋಡಿ. ಹಳ್ಳಿಯಲ್ಲಿರುವ ಓದುಗರು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕೇಳಬಹುದು. ಮೊದಲಿನ ಹಳ್ಳಿ ಗ್ರಂಥಾಲಯಗಳೇ ಅವು, 2019ರಲ್ಲಿ ಪಂಚಾಯಿತಿಯ ಕಡೆಗೆ ಬಂದವು.

ಕೊಂಡು ಓದುವುದಾದರೆ ಕೊಪ್ಪಳದ ಗವಿಮಠದ ಜಾತ್ರೆಗೆ ಬರುತ್ತೀರಲ್ಲ? ಪುಷ್ಯ ಬಹುಳ ಬಿದಿಗೆಗೆ ತೇರು. ರೊಟ್ಟಿ ಗಾಡಿಗಳು ಬರುವ ಸಂಭ್ರಮದಲ್ಲಿ ಪುಸ್ತಕದ ಅಂಗಡಿ ಕಣ್ಣಿಗೆ ಬೀಳೋದು ಕಷ್ಟ, ಹುಡುಕಿಕೊಂಡು ಹೋಗಿ. ಅತ್ತೆಯವರನ್ನೂ ಕರೆದುಕೊಂಡು ಬನ್ನಿ. ಅಂಗಡಿಯ ಮುಂದೆ ನಿಂತು ಮೂರು ಪುಸ್ತಕದ ಮೊದಲ ಪುಟ ಓದಿ ಹೇಳಿ, ಅವರು ಯಾವುದಕ್ಕೆ “ಮುಂದ?” ಅಂತಾರೋ ಅದೊಂದನ್ನೇ ತನ್ನಿ. ನಾನು ಪ್ರತಿ ವರ್ಷ ನಾಲ್ಕು ತರುತ್ತೇನೆ, ಮೂರು ಹಾಗೇ ಉಳಿಯುತ್ತವೆ.

ಗೋಡೆಯ ಕ್ಯಾಲೆಂಡರಿನ ಮೇಲೆ ಈ ಸಲ ಸಂಖ್ಯೆ ಬರೆಯಬೇಡಿ. ಓದು ನಿಂತ ಪುಟದಲ್ಲಿ ಒಂದು ಹಳೇ ತೂಕದ ಚೀಟಿ ಇಡಿ, ಅದರ ಮೇಲೆ ತಾರೀಕು ಹಾಕಿ. ಏಪ್ರಿಲ್‌ನಲ್ಲಿ ನೆಲ್ಲು ಬಂದು ಎರಡು ತಿಂಗಳು ಚೀಟಿ ಅಲ್ಲೇ ಕೂತರೂ ಪರವಾಗಿಲ್ಲ. ಜೂನಿನಲ್ಲಿ ಪುಸ್ತಕ ತೆಗೆದಾಗ ಎಲ್ಲಿ ನಿಂತಿತ್ತು ಅಂತ ನಿಮಗೆ ಮರೆತಿರಬಹುದು. ಅತ್ತೆಯವರನ್ನು ಕೇಳಿ.

ಅವರು ಏನಂದರು ಅಂತ ನನಗೆ ಬರೆಯಿರಿ. ಚೀಟಿಯ ಹಿಂಬದಿಯಾದರೂ ನಡೆಯುತ್ತದೆ.

— ಸಂಪಾದಕ